ಬೂಟು ಹೊಲಿದವನ ಎಪ್ಪತ್ಮೂರು ಕೋಟಿ

1792ರಲ್ಲಿ ಭೂಮಿಯ ಮೇಲೆ ಎಷ್ಟು ಮಂದಿ ಇದ್ದರು? ವಿಲಿಯಂ ಕೇರಿಯ ಲೆಕ್ಕದ ಪ್ರಕಾರ 73 ಕೋಟಿ 10 ಲಕ್ಷ. ಸ್ವತಃ ಇಂಗ್ಲೆಂಡಿನಲ್ಲಿಯೇ ಮೊದಲ ಜನಗಣತಿ ನಡೆಯಲು ಇನ್ನೂ ಒಂಬತ್ತು ವರ್ಷ ಇತ್ತು. ಅಂಥ ಹೊತ್ತಿನಲ್ಲಿ, ಬೂಟು ಹೊಲಿದು ಹೊಟ್ಟೆ ಹೊರೆದು ಮುಂದೆ ಪಾದ್ರಿಯಾದ ಮೂವತ್ತು ವರ್ಷದ ಮನುಷ್ಯನೊಬ್ಬ ಇಡೀ ಜಗತ್ತಿನ ತಲೆಯೆಣಿಕೆ ಮಾಡಿ 87 ಪುಟದ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ದೇಶಕ್ಕೊಂದು ಸಾಲು: ಉದ್ದ ಇಷ್ಟು ಮೈಲು, ಅಗಲ ಇಷ್ಟು, ಮಂದಿ ಇಷ್ಟು, ಧರ್ಮ ಇಂಥದು. ಕೊನೆಗೆ ಒಟ್ಟು ಹಾಕಿದ. 42 ಕೋಟಿ ವಿಗ್ರಹ ಪೂಜಿಸುವವರು, 13 ಕೋಟಿ ಮುಸಲ್ಮಾನರು, 10 ಕೋಟಿ ಕ್ಯಾಥೊಲಿಕರು, 4 ಕೋಟಿ 40 ಲಕ್ಷ ಪ್ರಾಟೆಸ್ಟಂಟರು, 3 ಕೋಟಿ ಗ್ರೀಕ್ ಮತ್ತು ಆರ್ಮೇನಿಯನ್ ಸಭೆಯವರು, 70 ಲಕ್ಷ ಯಹೂದಿಗಳು. ಕೂಡಿಸಿ ನೋಡಿ, ಒಂದು ಲಕ್ಷವೂ ಆಚೀಚೆ ಇಲ್ಲ.

ಇಂದಿನ ಭಾರತದ ಜನಸಂಖ್ಯೆ 140 ಕೋಟಿ ದಾಟಿದೆ. ಅಂದರೆ ಕೇರಿ ಎಣಿಸಿದಂಥ ಎರಡು ಜಗತ್ತುಗಳು ಹತ್ತಿರ ಹತ್ತಿರ ನಮ್ಮ ಒಂದೇ ದೇಶದಲ್ಲಿ ಹಿಡಿಸಿವೆ. ಆತನ ಲೆಕ್ಕದ ಇಡೀ ಪ್ರಾಟೆಸ್ಟಂಟ್ ಜಗತ್ತಿಗಿಂತ 2011ರ ಗಣತಿಯ ಕರ್ನಾಟಕವೇ ದೊಡ್ಡದು, 6 ಕೋಟಿ 11 ಲಕ್ಷ.

ಆ 42 ಕೋಟಿಯೊಳಗೆ ನವಲಗುಂದ ತಾಲೂಕಿನ ತಿರ್ಲಾಪುರದ ಕಡೆಯ ಎರಿ ಸೀಮೆಯ ಮಂದಿಯೂ ಸೇರಿದ್ದರು. ತಾವು ಇಂಗ್ಲೆಂಡಿನ ಒಂದು ಪುಸ್ತಕದ ಕೋಷ್ಟಕಕ್ಕೆ ಹತ್ತಿದ್ದೇವೆಂಬುದು ಅವರಿಗೆ ಗೊತ್ತಿರುವ ಮಾತೇ ಇರಲಿಲ್ಲ. ಅವರ ಚಿಂತೆ ಬೇರೆ ಇತ್ತು. ಒಂದು ವರ್ಷದ ಕೆಳಗಷ್ಟೇ, 1791ರ ಏಪ್ರಿಲ್‌ನಲ್ಲಿ, ಧಾರವಾಡದ ಕೋಟೆ ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಟೀಪುವಿನ ಕೈತಪ್ಪಿ ಮರಾಠರ ಪಾಲಾಗಿತ್ತು. ಕಂದಾಯ ಯಾರಿಗೆ ಕಟ್ಟಬೇಕೆಂಬುದೇ ವರ್ಷಕ್ಕೊಮ್ಮೆ ಬದಲಾಗುವ ಕಾಲ. ತಿರ್ಲಾಪುರಕ್ಕೂ ಕೇರಿಗೂ ಏನು ಸಂಬಂಧ ಎಂದು ಕೇಳುವವರಿಗೆ ಸದ್ಯಕ್ಕೆ ಇಷ್ಟು ಸಾಕು: ಈ ಮನುಷ್ಯ ಕನ್ನಡ ನಾಡಿಗೆ ಕಾಲಿಡದೆ, ಧಾರವಾಡದಿಂದ ನೇರ ಗೆರೆ ಎಳೆದರೂ ಸಾವಿರದ ಐನೂರು ಕಿಲೋಮೀಟರಿಗೂ ದೂರ ಕುಳಿತು, ಕನ್ನಡಕ್ಕೊಂದು ವ್ಯಾಕರಣ ಬರೆದು ಅಚ್ಚು ಹಾಕಿಸಿದ.

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ನಾರ್ಥಾಂಪ್ಟನ್‌ಶೈರಿನ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿಯಲ್ಲಿ. ಅಪ್ಪ ನೇಕಾರ. ಹದಿನಾಲ್ಕರ ಹರೆಯದಲ್ಲಿ ಹುಡುಗನನ್ನು ಬೂಟು ಹೊಲಿಯುವ ಕಸಬಿಗೆ ಹಾಕಿದರು. ಬಿಡಿ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ದೊಡ್ಡದೊಂದು ಭೂಪಟ ಮಾಡಿ, ಕೆಲಸದ ಗೋಡೆಗೆ ಹಚ್ಚಿ, ಪ್ರತಿ ದೇಶದ ಮೇಲೂ ತಾನು ಓದಿದ್ದನ್ನೆಲ್ಲ ಬರೆಯುತ್ತ ಹೋದನೆಂದು ಆತನ ಗೆಳೆಯರು ನೆನೆದಿದ್ದಾರೆ. ಕ್ಯಾಪ್ಟನ್ ಕುಕ್‌ನ ಸಮುದ್ರಯಾನದ ಕಥೆಗಳು ಆತನಿಗೆ ಹುಚ್ಚು ಹಿಡಿಸಿದ್ದವು. ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತದ್ದೆಲ್ಲ ಹೊಲಿಗೆಯ ನಡುವೆ ಸಿಕ್ಕ ಹೊತ್ತಿನಲ್ಲಿ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಮುಂದೊಂದು ದಿನ ತಾನೇ ಪದವಿ ಕೊಡುವ ಅಧಿಕಾರವುಳ್ಳ ಕಾಲೇಜಿನ ಮುಖ್ಯಸ್ಥನಾಗುವೆನೆಂದು ಆ ಹುಡುಗನಿಗೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದ.

ಪುಸ್ತಕ ಬಂದ ಅದೇ ವರ್ಷ, ಅಕ್ಟೋಬರ್ 2ರಂದು, ಕೆಟರಿಂಗ್ ಊರಿನ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಹನ್ನೆರಡು-ಹದಿನಾಲ್ಕು ಬ್ಯಾಪ್ಟಿಸ್ಟರು ಕೂಡಿ ಒಂದು ಸಂಘ ಕಟ್ಟಿದರು. ಜಗತ್ತಿನ 42 ಕೋಟಿ ಮಂದಿಗೆ ಸುವಾರ್ತೆ ಮುಟ್ಟಿಸಲು ಹೊರಟ ಸಂಘದ ಬಂಡವಾಳ 13 ಪೌಂಡು, 2 ಶಿಲ್ಲಿಂಗು, 6 ಪೆನ್ಸು. ಅದೂ ಕೈಯಲ್ಲಿ ಬಂದ ರೊಕ್ಕವಲ್ಲ, ಚೀಟಿಯಲ್ಲಿ ಬರೆದುಕೊಟ್ಟ ವಾಗ್ದಾನ. ಚೀಟಿಗಳನ್ನು ಹಾಕಿಟ್ಟದ್ದು ನಶ್ಯದ ಡಬ್ಬಿಯಲ್ಲಿ. ಪಾದ್ರಿಗಳ ಸಂಘಕ್ಕೆ ನಶ್ಯದ ಡಬ್ಬಿಯೇ ಖಜಾನೆಯಾದದ್ದು ನನಗಂತೂ ಬಹಳ ಹಿಡಿಸಿದ ಸಂಗತಿ.

1793ರ ಜೂನ್ 13ರಂದು ಹಡಗು ಹತ್ತಿದ ಕೇರಿ ನವೆಂಬರ್ 11ಕ್ಕೆ ಕಲ್ಕತ್ತಾ ಮುಟ್ಟಿದ. ಐದು ತಿಂಗಳ ದಾರಿ. ಮತ್ತೆ ಇಂಗ್ಲೆಂಡಿನ ಮುಖ ನೋಡಲೇ ಇಲ್ಲ, 41 ವರ್ಷ. ಮೊದಲ ವರ್ಷಗಳ ಲೆಕ್ಕ ಕಹಿ. ನೀಲಿ ಬಣ್ಣದ ಕಾರಖಾನೆಯಲ್ಲಿ ಮೇಲ್ವಿಚಾರಕನ ನೌಕರಿ, ಜ್ವರ, ಆಮಶಂಕೆ. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊತಿಗೆ ಈ ಪ್ರಯಾಣವೇ ಬೇಕಿರಲಿಲ್ಲ. ಮಗನ ಸಾವಿನ ನಂತರ ಆಕೆಯ ಮನಸ್ಸು ಕದಡಿಹೋಯಿತು, 1807ರಲ್ಲಿ ಸಾಯುವವರೆಗೂ ತಿಳಿಯಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಆಕೆಯ ಕೂಗು, ಈಚೆ ಮೇಜಿನ ಮೇಲೆ ಗಂಡನ ಅನುವಾದ. ಕೇರಿಯ ಸಾಧನೆಯ ಅಂಕಿಗಳನ್ನು ಪಟ್ಟಿ ಮಾಡುವವರು ಡೊರೊತಿಯ ಹನ್ನೆರಡು ವರ್ಷಗಳನ್ನೂ ಆ ಪಟ್ಟಿಯಲ್ಲಿ ಬರೆಯಬೇಕು. ಇನ್ನು ಮತಾಂತರದ ಲೆಕ್ಕ: ಬಂದು ಏಳು ವರ್ಷ ಕಳೆದ ಮೇಲೆ, 1800ರ ಡಿಸೆಂಬರ್ 28ರಂದು, ಕೃಷ್ಣ ಪಾಲ್ ಎಂಬ ಬಡಗಿ ದೀಕ್ಷಾಸ್ನಾನ ಪಡೆದ. ಏಳು ವರ್ಷಕ್ಕೆ ಒಬ್ಬ. 42 ಕೋಟಿಯನ್ನು ಈ ವೇಗದಲ್ಲಿ ಭಾಗಿಸುವ ಗೋಜಿಗೆ ಹೋಗಬೇಡಿ.

ಅದೇ 1800ರ ಜನವರಿಯಲ್ಲಿ ಕೇರಿ ಸೆರಾಂಪುರಕ್ಕೆ ಬಂದಿದ್ದ. ಹೂಗ್ಲಿ ನದಿಯ ದಂಡೆಯ ಈ ಊರು ಆಗ ಡೆನ್ಮಾರ್ಕಿನ ವಶದಲ್ಲಿತ್ತು. ಪಾದ್ರಿಗಳೆಂದರೆ ಈಸ್ಟ್ ಇಂಡಿಯಾ ಕಂಪನಿಗೆ ಆಗಿಬರುತ್ತಿರಲಿಲ್ಲ. ಡೇನರು ಆಸರೆ ಕೊಟ್ಟರು. ಶಾಲಾ ಮಾಸ್ತರ ಜೋಶುವಾ ಮಾರ್ಶ್‌ಮನ್, ಮುದ್ರಕ ವಿಲಿಯಂ ವಾರ್ಡ್ ಜೊತೆಯಾದರು. ಮೂವರದೂ ಒಂದೇ ಒಲೆ, ಒಂದೇ ಗಂಟು. 1801ರಲ್ಲಿ ಕಲ್ಕತ್ತಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸುವ ಕೆಲಸಕ್ಕೆ ಕೇರಿಗೆ ತಿಂಗಳಿಗೆ 500 ರೂಪಾಯಿ ಗೊತ್ತಾಯಿತು. ಕೆಲ ವರ್ಷಗಳಲ್ಲಿ ಪ್ರೊಫೆಸರ್ ಎಂಬ ಹೆಸರು, 1,000 ರೂಪಾಯಿ ಸಂಬಳ. ಅದರಲ್ಲಿ ತನ್ನ ಖರ್ಚಿಗೆಂದು ಒಂದಿಷ್ಟು ಚಿಲ್ಲರೆ ಇಟ್ಟುಕೊಂಡು ಉಳಿದುದನ್ನೆಲ್ಲ ಆ ಗಂಟಿಗೆ ಹಾಕಿಬಿಡುತ್ತಿದ್ದ.

ಈ ಮನುಷ್ಯನ ಒಂದು ದಿನ ಹೇಗಿತ್ತೆಂಬುದು 1806ರ ಜೂನ್‌ನಲ್ಲಿ ಆತ ಬರೆದ ಕಾಗದದಿಂದ ಗೊತ್ತಾಗುತ್ತದೆ. ಬೆಳಗ್ಗೆ 5 ಗಂಟೆ 45 ನಿಮಿಷಕ್ಕೆ ಎದ್ದು ಹೀಬ್ರೂ ಬೈಬಲಿನ ಒಂದು ಅಧ್ಯಾಯ. ಏಳಕ್ಕೆ ಮನೆಯಾಳುಗಳ ಜೊತೆ ಬಂಗಾಳಿಯಲ್ಲಿ ಪ್ರಾರ್ಥನೆ. ಚಹಾ ಬಸಿಯುವಷ್ಟರಲ್ಲಿ ಮುನ್ಶಿಯ ಹತ್ತಿರ ಫಾರಸಿ ಓದು, ತಿಂಡಿಗೆ ಮೊದಲು ಹಿಂದುಸ್ತಾನಿ. ತಿಂಡಿಯಾಯಿತೋ, ಪಂಡಿತನೊಂದಿಗೆ ಕುಳಿತು ಸಂಸ್ಕೃತದಿಂದ ಇಂಗ್ಲಿಷಿಗೆ ರಾಮಾಯಣದ ಅನುವಾದ, ಹತ್ತು ಗಂಟೆಯವರೆಗೆ. ಹತ್ತರಿಂದ ಮಧ್ಯಾಹ್ನದವರೆಗೆ ಕಾಲೇಜಿನಲ್ಲಿ ಪಾಠ. ಬಂದು ಬಂಗಾಳಿ ಯೆರೆಮೀಯನ ಅಚ್ಚಿನ ಕರಡು ತಿದ್ದಿ ಊಟ. ಊಟದ ಮೇಲೆ ಮುಖ್ಯ ಪಂಡಿತನ ನೆರವಿನಿಂದ ಮತ್ತಾಯನ ಸುವಾರ್ತೆ ಸಂಸ್ಕೃತಕ್ಕೆ. ಆರು ಗಂಟೆಗೆ ತೆಲುಗು ಪಂಡಿತ ಬಂದು ಪಾಠ ಹೇಳಿಕೊಟ್ಟ. ಏಳೂವರೆಗೆ ಸುಮಾರು ನಾಲ್ವತ್ತು ಮಂದಿಯ ಮುಂದೆ ಇಂಗ್ಲಿಷಿನಲ್ಲಿ ಪ್ರಸಂಗ. ಸಭೆ ಚದುರಿದ ಮೇಲೆ ಒಂಬತ್ತಕ್ಕೆ ಮತ್ತೆ ಬಂಗಾಳಿ, ಈಗ ಯೆಹೆಜ್ಕೇಲ. ಹನ್ನೊಂದರ ಹೊತ್ತಿಗೆ ಈ ಕಾಗದ. ಇದನ್ನು ಮುಗಿಸಿ ಗ್ರೀಕ್ ಬೈಬಲಿನ ಒಂದು ಅಧ್ಯಾಯ ಓದಿದರೆ ಮಲಗಲು ಬಿಡುವು. ಒಂದೇ ಹಗಲು-ರಾತ್ರಿಯಲ್ಲಿ ಎಂಟು ಭಾಷೆ. ಎದ್ದ ಗಳಿಗೆಯಿಂದ ಮಲಗುವ ಗಳಿಗೆಯವರೆಗಿನ ಈ ಪಟ್ಟಿಯನ್ನು ಆತ ಬರೆದದ್ದು, ಕಾಗದ ಬರೆಯುವುದಿಲ್ಲವೆಂದು ಬೈದ ಗೆಳೆಯನಿಗೆ ನೆಪ ಹೇಳಲು.

ಫಲ ಏನೆಂದು ಕೇಳಿದರೆ ಅಂಕಿಗಳು ಸಾಲುಗಟ್ಟುತ್ತವೆ. 1800ರಿಂದ 1832ರವರೆಗೆ ಸೆರಾಂಪುರದ ಮುದ್ರಣಾಲಯ 40 ಭಾಷೆಗಳಲ್ಲಿ 2 ಲಕ್ಷ 12 ಸಾವಿರ ಪುಸ್ತಕ ಹೊರಡಿಸಿತು. ಕೈಯಿಂದ ಎಳೆಯುವ ಮುದ್ರಣಯಂತ್ರಗಳ ಮೇಲೆ, ವರ್ಷದ ಒಂದು ದಿನವೂ ಬಿಡದೆ ಲೆಕ್ಕ ಹಿಡಿದರೆ, ದಿನಕ್ಕೆ 18 ಪುಸ್ತಕ, 32 ವರ್ಷ. ಬೈಬಲು ಪೂರ್ತಿಯಾಗಿ ಆರು ಭಾಷೆಗಳಲ್ಲಿ, ಹೊಸ ಒಡಂಬಡಿಕೆಯೋ ಅದರ ಭಾಗಗಳೋ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ. ವ್ಯಾಕರಣಗಳು: 1801ರಲ್ಲಿ ಬಂಗಾಳಿ, 1805ರಲ್ಲಿ ಮರಾಠಿ, ಮರುವರ್ಷ ಸಂಸ್ಕೃತ, 1812ರಲ್ಲಿ ಪಂಜಾಬಿ, 1814ರಲ್ಲಿ ತೆಲುಗು, 1817ರಲ್ಲಿ ಕನ್ನಡ. ಬಂಗಾಳಿ ನಿಘಂಟಿನಲ್ಲಿ ಸುಮಾರು 80,000 ಶಬ್ದ. ನಮ್ಮವರಿಗೆ ಇದರ ಅಳತೆ ಸಿಗಬೇಕಾದರೆ ಕಿಟೆಲ್ ಕೋಶವನ್ನು ನೆನೆಯಬೇಕು: 1894ರಲ್ಲಿ ಬಂದ ಆ ಕೋಶದಲ್ಲಿ 70,000 ಶಬ್ದ, 1,752 ಪುಟ. ಫರ್ಡಿನಾಂಡ್ ಕಿಟೆಲ್ ಅದಕ್ಕಾಗಿ ತನ್ನ ಆಯುಷ್ಯದ ಹಲವು ವರ್ಷ ಸವೆಸಿದ. ಕೇರಿಗೆ ಅದು ಹತ್ತಾರು ಕೆಲಸಗಳಲ್ಲಿ ಒಂದು.

ಹಾಗಾದರೆ ಕೇರಿ ದೊಡ್ಡವನೋ, ಕಿಟೆಲ್ ದೊಡ್ಡವನೋ? ಇಲ್ಲಿ ಅಂಕಿಗಳನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಒಬ್ಬ ಮನುಷ್ಯ ಮೂವತ್ತು-ನಾಲ್ವತ್ತು ಭಾಷೆಗೆ ಗ್ರಂಥ ಅನುವಾದಿಸುವುದು ಆಗದ ಮಾತು. ಸೆರಾಂಪುರದಲ್ಲಿ ನಡೆದದ್ದು ಕಾರಖಾನೆಯ ಕೆಲಸ. ಒಂದೊಂದು ಭಾಷೆಗೂ ಪಂಡಿತರಿದ್ದರು. ಬಂಗಾಳಿಯನ್ನೋ ಸಂಸ್ಕೃತವನ್ನೋ ಮುಂದಿಟ್ಟುಕೊಂಡು ಪಂಡಿತರು ತಮ್ಮ ತಮ್ಮ ಭಾಷೆಗೆ ಇಳಿಸುತ್ತಿದ್ದರು, ಕೇರಿ ಕುಳಿತು ತಿದ್ದುತ್ತಿದ್ದ. ಅಣ್ಣಿಗೇರಿಯ ಸಂತೆಯಲ್ಲಿ ನಾಲ್ವತ್ತು ಅಂಗಡಿಗೂ ಒಂದೇ ತಕ್ಕಡಿ ಇಟ್ಟಂತೆ ಸಂಸ್ಕೃತ ಎಲ್ಲವನ್ನೂ ತೂಗಬೇಕಿತ್ತು. ಕೆಲವು ತೂಕ ಸರಿ ಬಂತು, ಬಂಗಾಳಿಯದಂತೂ ಬಹಳ ಸರಿ. ಆತನೇ ಅದನ್ನು ಮತ್ತೆ ಮತ್ತೆ ತಿದ್ದಿ ಎಂಟು ಆವೃತ್ತಿ ಕಂಡ. ಆದರೆ ಹಲವು ಅನುವಾದಗಳು ಒಂದು ಸಲ ಅಚ್ಚಾಗಿ ಮರೆಯಾದವು. ಆ ಭಾಷೆ ಆಡುವವರ ನಡುವೆ ಕೇರಿ ಒಂದು ದಿನವೂ ಬಾಳಿರಲಿಲ್ಲವಲ್ಲ.

ಅಚ್ಚುಮೊಳೆಯ ಸಂಗತಿ ಮಾತ್ರ ನಿಜಕ್ಕೂ ಬೆರಗಿನದು. ಒಂದು ಅಕ್ಷರ ಅಚ್ಚಿಗೆ ಬರಬೇಕಾದರೆ ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅದನ್ನು ತಿರುಗುಮುರುಗಾಗಿ ಕೆತ್ತಬೇಕು. ಆ ಉಕ್ಕನ್ನು ತಾಮ್ರದ ಬಿಲ್ಲೆಗೆ ಬಡಿದು ಗುಳಿ ಮಾಡಬೇಕು. ಗುಳಿಗೆ ಕರಗಿದ ಸೀಸದ ಎರಕ ಹೊಯ್ದರೆ ಮೊಳೆ. ಇಂಗ್ಲಿಷಿಗೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಸೇರಿ ನೂರರ ಸುತ್ತ ಮುಗಿಯುತ್ತದೆ. ನಮ್ಮ ಲಿಪಿಗಳಲ್ಲಿ ಹಾಗಲ್ಲ. ಕನ್ನಡದ 34 ವ್ಯಂಜನಗಳಿಗೆ 13 ಸ್ವರ, ಅನುಸ್ವಾರ, ವಿಸರ್ಗ ಹಚ್ಚಿದರೆ ಕಾಗುಣಿತದ ರೂಪಗಳೇ 510. ಅದಕ್ಕೆ 34 ಒತ್ತಕ್ಷರ ಸೇರಿಸಿ. ಬಿಡಿಭಾಗ ಜೋಡಿಸಿ ಈ ಸಂಖ್ಯೆಯನ್ನು ತಗ್ಗಿಸಬಹುದು, ಆದರೂ ನೂರಾರು ಮೊಳೆ ಬೇಕೇ ಬೇಕು. ಸೆರಾಂಪುರದ ನಾಗರಿ ಲಿಪಿಗೆ ಸುಮಾರು 700 ಉಕ್ಕಿನ ಮುದ್ರೆಗಳು ಬೇಕಾದವು. ಇವನ್ನು ಕೆತ್ತಿದವನು ಪಂಚಾನನ ಕರ್ಮಕಾರ ಎಂಬ ಬಂಗಾಳಿ ಕಮ್ಮಾರ, ಆತನ ನಂತರ ಅಳಿಯ ಮನೋಹರ. ಕೇರಿಯ ಹೆಸರಿನಲ್ಲಿ ಎಣಿಸುವ 40 ಭಾಷೆಗಳ ಹಿಂದೆ ಈ ಇಬ್ಬರ ಬೆರಳುಗಳಿವೆ. ಮನೋಹರ ಅಲ್ಲಿ ದಶಕಗಳ ಕಾಲ ದುಡಿದ, ಕ್ರೈಸ್ತನಾಗಲಿಲ್ಲ.

ಕಾಗದದ್ದೂ ಒಂದು ಕಥೆ. ದೇಶೀ ಕಾಗದಕ್ಕೆ ಗಂಜಿ ಹಚ್ಚುತ್ತಿದ್ದರು, ಗಂಜಿಗೆ ಗೆದ್ದಲು ಬರುತ್ತಿತ್ತು. ಕೆಲಸಾಳುಗಳು ತುಳಿದು ತಿರುಗಿಸುವ ಗಿರಣಿಯಲ್ಲಿ ತಾವೇ ಕಾಗದ ಮಾಡಿಕೊಂಡರು. ಅದೂ ಸಾಲದಾದಾಗ 1820ರಲ್ಲಿ ಇಂಗ್ಲೆಂಡಿನ ಬೋಲ್ಟನ್‌ನಿಂದ 12 ಅಶ್ವಶಕ್ತಿಯ ಉಗಿಯಂತ್ರ ತರಿಸಿದರು. ಅದನ್ನು ನೋಡಲು ಸುತ್ತಲಿನ ಮಂದಿ ಮುಗಿಬಿದ್ದರಂತೆ. ಹನ್ನೆರಡು ಅಶ್ವಶಕ್ತಿ ಎಂದರೆ ಇವತ್ತು ನವಲಗುಂದದ ಹೊಲದಲ್ಲಿ ಓಡುವ ಚಿಕ್ಕ ಟ್ರ್ಯಾಕ್ಟರಿಗೂ ಸಣ್ಣದಾಯಿತು.

ಈಗ ಬೆಂಕಿಯ ಮಾತು. 1812ರ ಮಾರ್ಚ್ 11, ಬುಧವಾರ ಸಂಜೆ. ಕೇರಿ ಕಲ್ಕತ್ತಾದಲ್ಲಿದ್ದ. ವಾರ್ಡ್ ಲೆಕ್ಕದ ಕಾಗದ ನೋಡುತ್ತ ಕುಳಿತಿದ್ದಾಗ ಹೊಗೆಯ ವಾಸನೆ ಬಂತು. ಇನ್ನೂರು ಅಡಿ ಉದ್ದದ ಕಟ್ಟಡದ ಆ ತುದಿಯಲ್ಲಿ ಕಾಗದದ ರಾಶಿಗೆ ಬೆಂಕಿ ಹತ್ತಿತ್ತು. ವಾರ್ಡ್ ಜಾಣತನ ಮಾಡಿದ. ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿಸಿ, ಚಾವಣಿಯಲ್ಲಿ ತೂತು ಕೊರೆದು ಮೇಲಿಂದ ನೀರು ಸುರಿಸಿದ. ತಾಸುಗಟ್ಟಲೆ ಹೀಗೆ ನಡೆದು ಬೆಂಕಿ ಹತೋಟಿಗೆ ಬಂತು ಎನ್ನುವಷ್ಟರಲ್ಲಿ, ನೆರವಿಗೆಂದು ಬಂದ ಯಾರೋ ಒಂದು ಕಿಟಕಿ ತೆರೆದುಬಿಟ್ಟರು. ಗಾಳಿ ನುಗ್ಗಿತು, ಉರಿ ಎದ್ದಿತು, ನಡುರಾತ್ರಿಗೆ ಚಾವಣಿ ಕುಸಿಯಿತು. ಹದಿನಾಲ್ಕು ಭಾರತೀಯ ಲಿಪಿಗಳ ಮೊಳೆ ಕರಗಿ ಹರಿದವು. 1,200 ರೀಮು ಕಾಗದ ಬೂದಿಯಾಯಿತು. ನಷ್ಟ ಸುಮಾರು 10,000 ಪೌಂಡು, ಕೆಟರಿಂಗ್‌ನ ನಶ್ಯದ ಡಬ್ಬಿಯಲ್ಲಿದ್ದ ಬಂಡವಾಳದ 760 ಪಟ್ಟಿಗೂ ಮಿಕ್ಕಿ.

ದುಡ್ಡಿಗಿಂತ ದೊಡ್ಡ ನಷ್ಟ ಹಸ್ತಪ್ರತಿಗಳದು. ತೆಲುಗು ವ್ಯಾಕರಣ ಹೋಯಿತು. ರಾಮಾಯಣದ ಅನುವಾದದ ಮುಂದಿನ ಕಟ್ಟುಗಳು ಹೋದವು. ಭಾರತದ ಭಾಷೆಗಳನ್ನೆಲ್ಲ ಸಂಸ್ಕೃತದ ಜೊತೆ ಹೊಂದಿಸಿ ಬರೆಯುತ್ತಿದ್ದ ದೊಡ್ಡ ಕೋಶ ಸುಳಿವಿಲ್ಲದೆ ಹೋಯಿತು. ಹಾಗೆಯೇ ಕನ್ನಡದ ಹೊಸ ಒಡಂಬಡಿಕೆ. ಕನ್ನಡದ ಕೃತಿಯೊಂದು ಬಂಗಾಳದಲ್ಲಿ ಹುಟ್ಟಿ ಬಂಗಾಳದಲ್ಲೇ ಸುಟ್ಟಿತು. ಕನ್ನಡಿಗರಿಗೆ ಅದು ಹುಟ್ಟಿದ್ದೂ ಗೊತ್ತಿಲ್ಲ, ಸುಟ್ಟದ್ದೂ ಗೊತ್ತಿಲ್ಲ. ಮರುದಿನ ಬೆಳಗ್ಗೆ ಮಾರ್ಶ್‌ಮನ್ ಕಲ್ಕತ್ತಾಕ್ಕೆ ಹೋಗಿ ಸುದ್ದಿ ಹೇಳಿದಾಗ ಕೇರಿ ಬಹಳ ಹೊತ್ತು ಮಾತಾಡಲಿಲ್ಲವಂತೆ.

ಬೂದಿ ಕೆದಕಿದಾಗ ಸಿಕ್ಕದ್ದು ಉಕ್ಕಿನ ಮುದ್ರೆಗಳು. ಸೀಸ ಕರಗುವ ಶಾಖಕ್ಕೆ ಉಕ್ಕು ಜಗ್ಗುವುದಿಲ್ಲ. ಪಂಚಾನನ, ಮನೋಹರರು ವರ್ಷಗಳ ಕಾಲ ಕೆತ್ತಿದ್ದೆಲ್ಲ ಹಾಗೇ ಇತ್ತು. ಮುದ್ರಣಯಂತ್ರಗಳೂ ಪಕ್ಕದ ಕೋಣೆಯಲ್ಲಿ ಉಳಿದಿದ್ದವು. ಕರಗಿದ ಲೋಹವನ್ನು ಒಟ್ಟು ಮಾಡಿ ಹಗಲು ರಾತ್ರಿ ಎರಕ ಹೊಯ್ದರು. ಸುದ್ದಿ ಮುಟ್ಟಿದ ಐವತ್ತು ದಿನಗಳಲ್ಲಿ ಬ್ರಿಟನ್ನಿನಲ್ಲಿ 10,000 ಪೌಂಡು ಕೂಡಿಬಂತು. ಸಾಕು, ಇನ್ನು ಕಳಿಸಬೇಡಿರೆಂದು ಹೇಳಬೇಕಾಯಿತು. ಇಪ್ಪತ್ತು ವರ್ಷದ ಕೆಳಗೆ 13 ಪೌಂಡಿಗೆ ಚೀಟಿ ಬರೆಸಿಕೊಂಡ ಸಂಘವೇ ಇದು.

ಐದು ವರ್ಷಕ್ಕೆ, 1817ರಲ್ಲಿ, ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಕನ್ನಡದ ಅಕ್ಷರಗಳು ಅಚ್ಚಿಗೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಇದೂ ಒಂದು. ಮದ್ರಾಸಿನಲ್ಲಿ ಮೆಕೆರೆಲ್ ಬರೆದ ವ್ಯಾಕರಣಕ್ಕಿಂತ ಮೂರು ವರ್ಷ ಮೊದಲು. ಅದೇ 1817ರ ಕೊನೆಯಲ್ಲಿ ತಿರ್ಲಾಪುರದ ಕಡೆ ಏನು ನಡೆದಿತ್ತು ಗೊತ್ತೇ? ಕಂಪನಿಯ ಅಧಿಕಾರಿ ತಾಮಸ್ ಮನ್ರೋ ಧಾರವಾಡದಲ್ಲಿ ಬೀಡುಬಿಟ್ಟಿದ್ದ. ಕೈಯಲ್ಲಿ ಪಡೆ ಸಾಲದು. ಸುತ್ತಲಿನ ಹಳ್ಳಿಗಳ ಮಂದಿಯನ್ನೇ ಕೂಡಿಸಿಕೊಂಡು, ಪೇಶ್ವೆಯ ಕಡೆಯವರಿಂದ ನವಲಗುಂದವನ್ನು ಕಿತ್ತುಕೊಂಡ. ಸೆರಾಂಪುರದಲ್ಲಿ ಕನ್ನಡದ ವಿಭಕ್ತಿ ಪ್ರತ್ಯಯಗಳು ಸೀಸದ ಮೇಲೆ ಜೋಡಣೆಯಾದ ವರ್ಷವೇ ಆ ಕನ್ನಡ ಆಡುವ ಎರಿ ಸೀಮೆ ಕಂಪನಿಯ ಕೈಗೆ ದಾಟಿತು. ಒಂದಕ್ಕೊಂದು ಸುದ್ದಿ ಇಲ್ಲದೆ ನಡೆದ ಎರಡು ಕೆಲಸ. ಗೆದ್ದವರು ಈ ಸೀಮೆಯನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ಕಚೇರಿಯಲ್ಲಿ ಬಹುಕಾಲ ಮರಾಠಿಯೇ ನಡೆಯಿತು. ಹೀಗಾಗಿ ಕೇರಿಯ ಕನ್ನಡ ವ್ಯಾಕರಣಕ್ಕಿಂತ 1805ರ ಆತನ ಮರಾಠಿ ವ್ಯಾಕರಣವೇ ಧಾರವಾಡದ ಸಾಹೇಬರಿಗೆ ಹೆಚ್ಚು ಬಳಕೆಗೆ ಬರುವಂತಿತ್ತು.

ಸುಟ್ಟುಹೋದ ಕನ್ನಡ ಹೊಸ ಒಡಂಬಡಿಕೆಯನ್ನು ಮತ್ತೆ ಬರೆದು 1822ರಲ್ಲಿ ಹೊರತಂದರು. ಆದರೆ ಅಷ್ಟರಲ್ಲಿ ಬಳ್ಳಾರಿಯಲ್ಲಿ ಬೇರೊಬ್ಬ ಕೆಲಸ ನಡೆಸಿದ್ದ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿಯೇ ಬಳ್ಳಾರಿಗೆ ಬಂದು, ಕನ್ನಡದವರ ನಡುವೆ ಕುಳಿತು, ಒಂದೇ ಭಾಷೆಗೆ ತನ್ನ ವರ್ಷಗಳನ್ನು ಕೊಟ್ಟ. 1820ರ ದಶಕದಲ್ಲಿ ಕನ್ನಡ ಸಭೆಗಳಲ್ಲಿ ನಿಂತದ್ದು ಹ್ಯಾಂಡ್ಸ್‌ನ ಅನುವಾದ. ಸೆರಾಂಪುರದ್ದು ಹಿಂದೆ ಬಿತ್ತು. ಹ್ಯಾಂಡ್ಸ್‌ನ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶ, 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶ ತಂದ. ನಾಲ್ವತ್ತರಲ್ಲಿ ಒಂದಾಗಿ ಬಂದ ಕನ್ನಡ ಎಷ್ಟು ದಿನ ಬಾಳಿತು, ಒಂದೇ ಒಂದಾಗಿ ಬಂದ ಕನ್ನಡ ಎಷ್ಟು ದಿನ ಬಾಳಿತು ಎಂಬುದು ಇಲ್ಲಿ ಎದ್ದು ಕಾಣುತ್ತದೆ. ಕೇರಿಯ ದೊಡ್ಡ ಅಂಕಿಗಳಿಗೆ ನಾನು ಬೆರಗಾಗುತ್ತೇನೆ. ಕನ್ನಡದ ಮಟ್ಟಿಗೆ ನನ್ನ ಮೆಚ್ಚುಗೆ ಹ್ಯಾಂಡ್ಸ್‌ಗೆ, ರೀವ್‌ಗೆ, ಕಿಟೆಲ್‌ಗೆ.

ಕೇರಿಯ ಎಣಿಕೆಯ ಚಟ ಎಲ್ಲಕ್ಕಿಂತ ಹರಿತವಾಗಿ ಕೆಲಸ ಮಾಡಿದ್ದು ಮಾತ್ರ ಬೇರೆಡೆ. 1803ರಲ್ಲಿ ಕಲ್ಕತ್ತಾದ ಸುತ್ತ ಮೂವತ್ತು ಮೈಲಿಯೊಳಗೆ ಒಂದು ವರ್ಷದಲ್ಲಿ ಎಷ್ಟು ಹೆಂಗಸರು ಗಂಡನ ಚಿತೆಯ ಮೇಲೆ ಸುಟ್ಟರೆಂದು ಮಂದಿ ಕಳಿಸಿ ಎಣಿಸಿದಾಗ ಸಿಕ್ಕ ಅಂಕಿ 438. ಮರುವರ್ಷ ಎಣಿಸುವವರನ್ನು ಅಲ್ಲಲ್ಲಿ ಕಾಯಂ ನಿಲ್ಲಿಸಿ ಆರು ತಿಂಗಳ ಲೆಕ್ಕ ತೆಗೆಸಿದರು, ಅದೇ 300ರ ಹತ್ತಿರ ಬಂತು. ಅಲ್ಲೊಂದು ಇಲ್ಲೊಂದು ನಡೆಯುತ್ತದೆ ಎಂದು ಸರಕಾರ ತಳ್ಳಿಹಾಕುತ್ತಿದ್ದುದಕ್ಕೆ ಈ ಸಂಖ್ಯೆಗಳೇ ಉತ್ತರ. ಆದರೂ ಇಪ್ಪತ್ತೈದು ವರ್ಷ ಹಿಡಿಯಿತು. 1829ರ ಡಿಸೆಂಬರ್ 4ರಂದು ಗವರ್ನರ್ ಜನರಲ್ ಬೆಂಟಿಂಕ್ ಸತಿ ನಿಷೇಧಿಸಿದ. ಆ ಕಾಯಿದೆಯನ್ನು ಬಂಗಾಳಿಗೆ ತರುವ ಕೆಲಸ ಬಂದದ್ದು ಕೇರಿಗೆ. ಅದು ಕೈಗೆ ಬಂದ ದಿನ ಭಾನುವಾರ, ಪ್ರಸಂಗ ಹೇಳಬೇಕಿತ್ತು. ಪ್ರಸಂಗವನ್ನು ಬೇರೆಯವರಿಗೆ ಬಿಟ್ಟು ಪಂಡಿತನ ಜೊತೆ ಕುಳಿತು ಸಂಜೆಯೊಳಗೆ ಅನುವಾದ ಮುಗಿಸಿದ. ಒಂದು ದಿನ ತಡವಾದರೆ ಎಷ್ಟು ಜೀವ ಎಂದು ಗುಣಿಸಲು ಬರುತ್ತಿದ್ದ ಮನುಷ್ಯ.

ಗಿಡಮರಗಳ ಲೆಕ್ಕವೂ ಇತ್ತು. ಐದು ಎಕರೆಯ ತೋಟ. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್‌ನ ಸುಮಾರು 3,500 ಸಸ್ಯಗಳ ಪಟ್ಟಿಯನ್ನು 1814ರಲ್ಲಿ ಸೆರಾಂಪುರದಲ್ಲೇ ಅಚ್ಚು ಹಾಕಿಸಿದ, 1820ರಲ್ಲಿ ಕೃಷಿ-ತೋಟಗಾರಿಕೆ ಸಂಘ ಕಟ್ಟಿದ. ಕಲಘಟಗಿಯ ಕಾಡಿನಲ್ಲಿ ದಪ್ಪ ತೊಗಟೆಯ ಕವಲು ಮರವನ್ನು ನೋಡಿದವರಿಗೆ ಅದರ ಸಸ್ಯಶಾಸ್ತ್ರೀಯ ಹೆಸರು ಕೇರಿಯಾ ಅರ್ಬೋರಿಯಾ ಎಂಬುದು ಗೊತ್ತಿರಲಿಕ್ಕಿಲ್ಲ. ಗೆಳೆಯ ರಾಕ್ಸ್‌ಬರ್ಗ್ ಇಟ್ಟ ಹೆಸರು. ಧಾರವಾಡ ಜಿಲ್ಲೆಯಲ್ಲಿ ಕೇರಿ ಕಾಲೂರಿದ್ದು ಈ ಒಂದು ರೀತಿಯಲ್ಲಿ.

ಇನ್ನು ಕಾಲೇಜು. 1817ರ ಹೊತ್ತಿಗೆ ಸೆರಾಂಪುರದವರು ಸುತ್ತಲಿನ ಹಳ್ಳಿಗಳಲ್ಲಿ ನೂರರಷ್ಟು ಶಾಲೆ ನಡೆಸುತ್ತಿದ್ದರು, 6,700ರ ಆಸುಪಾಸು ಮಕ್ಕಳು. 1818ರಲ್ಲಿ ಎರಡು ಹೊಸ ಕೆಲಸ ಶುರುವಾದವು. ಮೇ ತಿಂಗಳಲ್ಲಿ ‘ಸಮಾಚಾರ ದರ್ಪಣ’ ಎಂಬ ಬಂಗಾಳಿ ವಾರಪತ್ರಿಕೆ. ಕನ್ನಡಕ್ಕೆ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಬರಲು ಇನ್ನೂ 25 ವರ್ಷ ಬೇಕಿತ್ತು. ಎರಡನೆಯದು ಕಾಲೇಜು. ಮೊದಲ ತಂಡದಲ್ಲಿ 37 ವಿದ್ಯಾರ್ಥಿಗಳು, ಕ್ರೈಸ್ತರೂ ಹಿಂದೂಗಳೂ ಕೂಡಿ. ಜಾತಿ-ಮತ ಕೇಳುವಂತಿಲ್ಲ ಎಂಬುದು ಕಟ್ಟಳೆ. ಕೇರಿ ಅದರ ಮೊದಲ ಮುಖ್ಯಸ್ಥ. ದೇವಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ತಾನೇ ಕಲಿಸಿದ. ಮಾತೃಭಾಷೆಯಲ್ಲಿ ಮತ್ತು ಸಂಸ್ಕೃತದಲ್ಲಿ ಗಟ್ಟಿಯಾಗದವನಿಗೆ ಯುರೋಪಿನ ವಿದ್ಯೆ ದಕ್ಕುವುದಿಲ್ಲವೆಂಬುದು ಈ ಕಾಲೇಜಿನವರ ಹಟ. ಮೆಕಾಲೆ ಬರುವ ಮೊದಲಿನ ಮಾತು ಇದು.

1827ರ ಫೆಬ್ರುವರಿ 23ರಂದು ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಈ ಕಾಲೇಜಿಗೆ ಪದವಿ ಕೊಡುವ ಸನದು ಬರೆದುಕೊಟ್ಟ. ಕಲ್ಕತ್ತಾ, ಮುಂಬಯಿ, ಮದ್ರಾಸು ವಿಶ್ವವಿದ್ಯಾಲಯಗಳು ಹುಟ್ಟಿದ್ದು 1857ರಲ್ಲಿ, ಮೂವತ್ತು ವರ್ಷದ ಮೇಲೆ. ಬೆಂಗಳೂರಿನಲ್ಲಿ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಶಾಲೆಯನ್ನು ಇನ್ನೊಬ್ಬ ಬ್ರಿಟಿಷ್ ಪಾದ್ರಿ ಜಾನ್ ಗ್ಯಾರೆಟ್ ವಹಿಸಿಕೊಂಡದ್ದು 1858ರಲ್ಲಿ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಾಗಿಲು ತೆರೆದದ್ದು 1917ರಲ್ಲಿ, ಕೇರಿಯ ಕನ್ನಡ ವ್ಯಾಕರಣಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ.

1834ರ ಜೂನ್ 9ರಂದು, 72ರ ವಯಸ್ಸಿನಲ್ಲಿ ಕೇರಿ ತೀರಿಕೊಂಡಾಗ ಆ ಸನದಿನ ಪ್ರಕಾರ ಒಂದು ಪದವಿಯನ್ನೂ ಕೊಟ್ಟಿರಲಿಲ್ಲ. 1845ರಲ್ಲಿ ಡೆನ್ಮಾರ್ಕ್ ತನ್ನ ಭಾರತದ ನೆಲೆಗಳನ್ನು ಹನ್ನೆರಡೂವರೆ ಲಕ್ಷ ರೂಪಾಯಿಗೆ ಬ್ರಿಟಿಷರಿಗೆ ಮಾರಿತು. ಊರು ಹೋಯಿತು, ಸನದು ಊರ್ಜಿತವಾಗಿ ಉಳಿಯುವಂತೆ ಒಪ್ಪಂದದಲ್ಲಿ ಬರೆಸಿಕೊಂಡರು. ಅಧಿಕಾರ ಕೈಯಲ್ಲಿದ್ದೂ 88 ವರ್ಷ ಸುಮ್ಮನಿತ್ತು. ದೇವಶಾಸ್ತ್ರದ ಮೊದಲ ಬಿ.ಡಿ. ಪದವಿಗಳನ್ನು ಕೊಟ್ಟದ್ದು 1915ರಲ್ಲಿ, ಮೂರೇ ಮೂವರಿಗೆ. 1918ರಲ್ಲಿ ಬಂಗಾಳದ ಶಾಸನಸಭೆ ಕಾಯಿದೆ ಮಾಡಿ, ಬೇರೆ ದೇವಶಾಸ್ತ್ರ ಕಾಲೇಜುಗಳೂ ಸೆರಾಂಪುರದ ಸೆನೆಟ್ಟಿನಡಿ ಪದವಿ ಪಡೆಯುವ ದಾರಿ ಮಾಡಿತು. ಎರಡು ಲಕ್ಷ ಹನ್ನೆರಡು ಸಾವಿರ ಪುಸ್ತಕಗಳಲ್ಲಿ ಹೆಚ್ಚಿನವು ಗೆದ್ದಲಿಗೋ ಗ್ರಂಥಾಲಯದ ಕಪಾಟಿಗೋ ಸೇರಿವೆ. ಕನ್ನಡದ ಪಾಲಿಗೆ ಇಂದಿಗೂ ಉಸಿರಾಡುತ್ತಿರುವುದು ಈ ಒಂದು ಸನದು. 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜು, ಕನ್ನಡದಲ್ಲಿ ದೇವಶಾಸ್ತ್ರ ಕಲಿಸುವ ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು, ಎರಡರಲ್ಲಿ ಓದಿದವರಿಗೂ ಪದವಿಪತ್ರ ಬರುವುದು ಸೆರಾಂಪುರದಿಂದ. ಅಲ್ಲಿ ಓದಿ ಧಾರವಾಡದ ಸೀಮೆಯ ಸಿ.ಎಸ್.ಐ. ಸಭೆಗೆ ಬಂದು ನಿಂತ ಸಭಾಪಾಲಕರ ಬಿ.ಡಿ.ಗೆ ಮೂಲ ಅಧಿಕಾರ ಡೆನ್ಮಾರ್ಕಿನ ದೊರೆಯ ಸಹಿ. ಆ ಸಹಿ ಬಿದ್ದಾಗ ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬರಲು ಇನ್ನೂ ಹತ್ತು ವರ್ಷ ಇತ್ತು.